ಜೌಗು ಗದ್ದೆಯಲ್ಲಿ ವನಮಹೋತ್ಸವ

ಇವತ್ತು ಒಂದು ವನಮಹೋತ್ಸವಕ್ಕೆ ಹೋಗಿ ಬಂದೆ. ತಲೆ ಇನ್ನೂ ಬಿಸಿಯಾಗಿದೆ. ಯಾರು ಕರೆದಿದ್ದರು, ಯಾವ ಊರು ಅಂತ ಕೇಳಬೇಡಿ. ಕೊಡಗಿನ ಗೋಣಿಕೊಪ್ಪದ ಕಡೆ ಅಂತ ಇಟ್ಟುಕೊಳ್ಳಿ. ಶಾಲು, ಸ್ವಾಗತ ಗೀತೆ ಎಲ್ಲಾ ಆಯಿತು. ಮೈಕಿನವರು ನನ್ನನ್ನು "ಸಾವಿರಾರು ಗಿಡ ನೆಟ್ಟವರು" ಅಂತ ಪರಿಚಯಿಸಿದರು. ನಾನು ಜೌಗಿನ ಗಿಡಗಳ ಅಧ್ಯಯನ ಮಾಡಿದವನು, ಗಿಡ ಎಣಿಸಿದವನು ಸ್ವಾಮಿ, ನೆಟ್ಟವನಲ್ಲ. ಇರಲಿ, ಅದನ್ನೂ ನುಂಗಿಕೊಂಡೆ.

ಆಮೇಲೆ ಕರೆದುಕೊಂಡು ಹೋದದ್ದು ಎಲ್ಲಿಗೆ? ಕೆಲವು ವರ್ಷದಿಂದ ನಾಟಿ ಮಾಡದೆ ಬಿಟ್ಟ ಒಂದು ಗದ್ದೆಗೆ. ಪಾದ ಮುಳುಗುವಷ್ಟು ನೀರು. ಕೈಗೆ ಒಂದು ಸಿಲ್ವರ್ ಓಕ್ ಮರದ ಸಸಿ ಕೊಟ್ಟು, "ಸುಮ್ನೆ ಬಿದ್ದಿರೋ ಜಾಗ ಸಾರ್, ಇಲ್ಲಿ ಏನೂ ಬೆಳೆಯಲ್ಲ" ಅಂದರು.

ಏನೂ ಬೆಳೆಯಲ್ಲವಂತೆ! ನಿಂತ ಕಾಲಲ್ಲೇ ನನಗೆ ಎರಡು ಮೂರು ಜಾತಿ ಜೇಕು, ಅಂದರೆ ಜೌಗಿನಲ್ಲಿ ಬೆಳೆಯುವ ಹುಲ್ಲಿನಂಥ ಗಿಡ, ಕಂಡವು. ಬದುವಿನ ಮೇಲೆ ಒಂದೆಲಗ, ತೋಡಿನ ಪಕ್ಕ ಕೆಸ, ನೀರಲ್ಲಿ ಮೊನೊಕೋರಿಯಾ, ಲುಡ್ವಿಜಿಯಾ ಎಂಬ ನೀರುಗಿಡಗಳು. ಪಕ್ಕದಲ್ಲಿದ್ದ ಶಾಲೆ ಹುಡುಗಿಯೊಬ್ಬಳು ಮೆತ್ತಗೆ ಕೇಳಿದಳು, "ಸಾರ್, ಮರ ನೆಡೋಕೆ ಇಲ್ಲಿರೋ ಗಿಡ ಎಲ್ಲ ಕಿತ್ತುಹಾಕಬೇಕಾ?" ಇಡೀ ಕಾರ್ಯಕ್ರಮದಲ್ಲಿ ಬಂದ ಒಂದೇ ಒಂದು ಬುದ್ಧಿವಂತ ಪ್ರಶ್ನೆ ಅದು. ಫೋಟೋ ಗಡಿಬಿಡಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಸಿ ವಾಪಸ್ ಕೊಟ್ಟೆ. ಬಗ್ಗಿ ಒಂದು ಜೇಕನ್ನು ಬೇರು ಸಮೇತ ಕಿತ್ತು ಅವಳಿಗೆ ತೋರಿಸಿದೆ. ಕಾಂಡವನ್ನು ಬೆರಳ ನಡುವೆ ಉರುಳಿಸಿದರೆ ಮೂರು ಮೂಲೆ ಸಿಗುತ್ತವೆ. ಕೆಸರು ತೊಳೆದರೆ ಬೇರಿನ ಸುತ್ತ ತುಕ್ಕಿನ ಬಣ್ಣದ ಲೇಪ. ಅದು ನಿಜವಾಗಿಯೂ ತುಕ್ಕೇ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ಈ ಗಿಡಗಳು ಕಾಂಡದೊಳಗಿನ ಗಾಳಿಗೂಡುಗಳ ಮೂಲಕ ಮೇಲಿಂದಲೇ ಬೇರಿಗೆ ಉಸಿರು ಕಳಿಸುತ್ತವೆ. ಅದರಲ್ಲಿ ಸ್ವಲ್ಪ ಹೊರಗೆ ಸೋರಿ ಮಣ್ಣಿನ ಕಬ್ಬಿಣಕ್ಕೆ ತಾಗಿ ತುಕ್ಕಾಗುತ್ತದೆ. ಭತ್ತದ ಬೇರಿನಲ್ಲೂ ಇದನ್ನು ನೋಡಬಹುದು. ಸಿಲ್ವರ್ ಮರಕ್ಕೆ ಈ ವಿದ್ಯೆ ಗೊತ್ತಿಲ್ಲ. ಆಸ್ಟ್ರೇಲಿಯಾದ ಪೂರ್ವ ಭಾಗದ ಮರ ಅದು. ತೋಟದಲ್ಲಿ ಒಳ್ಳೆಮೆಣಸು ಹಬ್ಬಿಸೋಕೆ ಸರಿ, ನಿಂತ ನೀರಲ್ಲಿ ಬೇರು ಕೊಳೆತು ಸಾಯುತ್ತದೆ. ಸಸಿ ಉಳಿಯಬೇಕು ಅಂದರೆ ಕಾಲುವೆ ತೋಡಿ ನೀರು ಹರಿಸಿಬಿಡಬೇಕು. ಆಗ ಗದ್ದೆ ಸಾಯುತ್ತದೆ. ಎರಡರಲ್ಲಿ ಒಂದು ಸಾಯೋದು ಗ್ಯಾರಂಟಿ, ಫೋಟೋ ಮಾತ್ರ ಉಳಿಯುತ್ತದೆ.

"ಮರ ನೆಡೋದು ಒಳ್ಳೇದಲ್ವಾ ಸಾರ್?" ಅಂತ ಕೇಳುತ್ತಾರೆ. ಒಳ್ಳೇದು ಮಾರಾಯ್ರೇ, ಯಾರು ಬೇಡ ಅಂದರು? ರಸ್ತೆ ಬದಿಯಲ್ಲಿ ನೆಡಿ, ನಿಮ್ಮ ಮನೆ ಹಿತ್ತಲಲ್ಲಿ ನೆಡಿ. ಮರ ಇಲ್ಲದ ಜಾಗ ಕಂಡ ಕೂಡಲೇ ಹಾರೆ ಹಿಡಿದು ಓಡಬೇಡಿ ಅಷ್ಟೇ. 1950ರಲ್ಲಿ ವನಮಹೋತ್ಸವ ಶುರು ಮಾಡಿದ ಆಗಿನ ಕೇಂದ್ರ ಕೃಷಿ ಸಚಿವ ಕೆ. ಎಂ. ಮುನ್ಷಿಯವರು ಜೌಗಿನಲ್ಲಿ ನೆಡಿ ಅಂತೇನೂ ಹೇಳಿರಲಿಲ್ಲ.

ಈ ರೋಗ ಹಳೆಯದು. 1916ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಕ್ಲೆಮೆಂಟ್ಸ್ ಎಂಬವರು ಸಸ್ಯ ಸಮುದಾಯಗಳು ಹಂತ ಹಂತವಾಗಿ ಬೆಳೆದು ಒಂದು ಕೊನೆಯ ಸ್ಥಿತಿಗೆ ಬಂದು ನಿಲ್ಲುತ್ತವೆ ಅಂತ ಬರೆದರು. ಅವರ ಲೆಕ್ಕದಲ್ಲಿ ಜೌಗು ಬರೀ ದಾರಿಯ ಒಂದು ಮೆಟ್ಟಿಲು. ಹತ್ತು ವರ್ಷಕ್ಕೆ, 1926ರಲ್ಲಿ, ಅಲ್ಲಿಯದೇ ಇನ್ನೊಬ್ಬ ಸಸ್ಯವಿಜ್ಞಾನಿ ಗ್ಲೀಸನ್ ಹಾಗೇನಿಲ್ಲ, ಒಂದೊಂದು ಜಾತಿಯೂ ತನ್ನ ಪಾಡಿಗೆ ತಾನು ಬಂದು ತನಗೆ ಒಗ್ಗುವಲ್ಲಿ ನೆಲೆಸುತ್ತದೆ ಅಂದರು. ಆಗ ಬಹಳ ಜನ ಅವರ ಮಾತಿಗೆ ಬೆಲೆ ಕೊಡಲಿಲ್ಲ, ದಶಕಗಳ ನಂತರ ಕೊಟ್ಟರು. ನಮ್ಮ ಸಸಿ ಹಂಚುವವರು ಮಾತ್ರ ಇನ್ನೂ 1916ರಲ್ಲೇ ಇದ್ದಾರೆ. ಅವರ ಕಣ್ಣಿಗೆ ಜೌಗು ಅಂದರೆ ಇನ್ನೂ ಕಾಡಾಗದ ಜಾಗ.

ನನ್ನ ಕೆಲಸ ಹೇಗಿತ್ತು ಅಂತ ಹೊಸಬರಿಗೆ ಹೇಳಿಬಿಡುತ್ತೇನೆ. ಒಂದು ಮೀಟರ್ ಚೌಕದ ಪೈಪಿನ ಚೌಕಟ್ಟು. ಅದನ್ನು ಕೆಸರಲ್ಲಿ ಇಟ್ಟು ಒಳಗೆ ಯಾವ ಜಾತಿ, ಎಷ್ಟು ನೆಲ ಮುಚ್ಚಿದೆ ಅಂತ ಬರೆಯೋದು. ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಅದೇ. ಮಳೆ, ಜಿಗಣೆ, ನೆಂದ ಪುಸ್ತಕ. ಜೇಕಿಗೆ ಹೆಸರು ಹೇಳಬೇಕಾದರೆ ಕಾಯಿ ಬಲಿಯೋವರೆಗೆ ಕಾಯಬೇಕು, ಆಮೇಲೆ ಲೆನ್ಸಿನಲ್ಲಿ ನೋಡಬೇಕು. ಎರಿಯೋಕಾಲನ್ ಎಂಬ ಜೌಗಿನ ಗಿಡ ಆದರಂತೂ ಬೀಜದ ಮೈಮೇಲಿನ ಗೆರೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕಾಗುತ್ತದೆ. ಇದಕ್ಕೆ ಹಣ ಕೇಳಲು ಹೋದರೆ "ಇದರಿಂದ ಏನು ಉಪಯೋಗ?" ಹುಲಿಗೆ, ಆನೆಗೆ ಯಾರೂ ಆ ಪ್ರಶ್ನೆ ಕೇಳಿದ್ದಿಲ್ಲ. ನಿಜ ಹೇಳುತ್ತೇನೆ, ಹುಲಿ ಅಧ್ಯಯನ ಮಾಡುವ ಹಳೇ ಸ್ನೇಹಿತ ಟಿವಿಯಲ್ಲಿ ಬಂದರೆ ನಾನು ಚಾನೆಲ್ ಬದಲಿಸುತ್ತೇನೆ. ಹೊಟ್ಟೆಕಿಚ್ಚು, ಇನ್ನೇನು. ಈಗಲೂ ಹೋಗಿಲ್ಲ.

ಆದರೆ ಕೆಸರಿನ ಮಜಾ ಹುಲಿಯವರಿಗೆ ಗೊತ್ತಿಲ್ಲ ಬಿಡಿ. ಡಾರ್ವಿನ್ ಒಂದು ಸಣ್ಣ ಕೊಳದ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದು ಮನೆಯಲ್ಲಿ ಆರು ತಿಂಗಳು ಇಟ್ಟಿದ್ದರು. ಮೊಳೆತ ಒಂದೊಂದು ಗಿಡವನ್ನೂ ಕಿತ್ತು ಎಣಿಸಿದರು. 537! ಮೂರು ಚಮಚದಲ್ಲಿ! ನಮ್ಮ ಗದ್ದೆಯ ಕೆಸರಲ್ಲೂ ಬೀಜಗಳು ವರ್ಷಗಟ್ಟಲೆ ಮಲಗಿರುತ್ತವೆ. ನೀರು ಬಂದರೆ ಏಳುತ್ತವೆ, ಮೇಲೆ ಟಿಪ್ಪರ್‌ನಲ್ಲಿ ಕೆಮ್ಮಣ್ಣು ತಂದು ಸುರಿದರೆ ಮುಗಿಯಿತು.

ಕಾನೂನು ಕಾಪಾಡುತ್ತದೆ ಅಂದುಕೊಂಡಿದ್ದೀರಾ? ಜೌಗು ಪ್ರದೇಶಗಳನ್ನು ಕಾಪಾಡಲು ದೇಶಗಳು ಮಾಡಿಕೊಂಡ 1971ರ ರಾಮ್ಸಾರ್ ಒಪ್ಪಂದದ ಲೆಕ್ಕದಲ್ಲಿ ಭತ್ತದ ಗದ್ದೆಯೂ ಜೌಗು ಪ್ರದೇಶ. 2008ರಲ್ಲಿ ಆ ಒಪ್ಪಂದದ ದೇಶಗಳವರು ದಕ್ಷಿಣ ಕೊರಿಯಾದಲ್ಲಿ ಸೇರಿದಾಗ ಗದ್ದೆಗಳ ಬಗ್ಗೆಯೇ ಒಂದು ನಿರ್ಣಯ ಮಾಡಿದರು. ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮ ಮಾತ್ರ ಗದ್ದೆಯನ್ನು ಹೆಸರು ಹೇಳಿ ಹೊರಗಿಟ್ಟಿದೆ. ಕೆಳಗೆ ರಂಗನತಿಟ್ಟು ಪಕ್ಷಿಧಾಮಕ್ಕೆ 2022ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿತು, ಸಂತೋಷ. ಅಲ್ಲಿಗೆ ಹೋಗುವ ಕಾವೇರಿ ನೀರು ಹುಟ್ಟುವುದು, ಇಳಿಯುವುದು ನಮ್ಮ ಬೆಟ್ಟ, ತೊರೆ, ಗದ್ದೆಗಳಿಂದ. ಇವಕ್ಕೆ ಯಾವ ಪಟ್ಟವೂ ಇಲ್ಲ, ಸಿಲ್ವರ್ ಸಸಿ ಇದೆ.

ಗದ್ದೆ ಬಿಟ್ಟ ರೈತರನ್ನು ನಾನು ಬಯ್ಯುವುದಿಲ್ಲ. ಕೆಲಸಕ್ಕೆ ಜನ ಸಿಗುವುದಿಲ್ಲ, ಪುತ್ತರಿ ಹಬ್ಬದ, ಅಂದರೆ ಕೊಯ್ಲಿನ, ಹೊತ್ತಿಗೆ ಸರಿಯಾಗಿ ಆನೆ ಬರುತ್ತದೆ, ಖರ್ಚೂ ಹುಟ್ಟುವುದಿಲ್ಲ. ಬಿಡಲಿ. ಬಿಟ್ಟ ಗದ್ದೆ ತನ್ನ ಪಾಡಿಗೆ ತಾನು ಜೌಗಾಗಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ ನಮ್ಮ ಮಹೋತ್ಸವ ಬೇಕಾಗಿಲ್ಲ.

ಆ ಶಾಲೆಯ ಟೀಚರ್ ಹತ್ತಿರ ಮಾತಾಡಿ ಬಂದಿದ್ದೇನೆ. ಅಕ್ಟೋಬರ್‌ನಲ್ಲಿ ಮಕ್ಕಳನ್ನು ಗದ್ದೆಗೆ ಇಳಿಸುತ್ತೇವೆ, ಎಣಿಸೋಕೆ. ಆಗ ಯುಟ್ರಿಕ್ಯುಲೇರಿಯಾ ಹೂ ಬಿಟ್ಟಿರುತ್ತದೆ. ಹುಲ್ಲು, ಜೇಕಿಗೆ ಸುತ್ತಿಕೊಂಡು ಏರುವ ದಾರದಂಥ ಗಿಡ, ಪುಟ್ಟ ನೀಲಿ ಹೂ. ಕೆಸರಿನೊಳಗೆ ಅದಕ್ಕೆ ಸಾಸಿವೆಗಿಂತ ಸಣ್ಣ ಚೀಲಗಳಿವೆ, ಹತ್ತಿರ ಬಂದ ಸೂಕ್ಷ್ಮಜೀವಿಗಳನ್ನು ನೀರಿನ ಸಮೇತ ಒಳಗೆ ಎಳೆದುಕೊಂಡು ಜೀರ್ಣಿಸಿಬಿಡುತ್ತವೆ. ನಮ್ಮ ಕೊಡಗಿನಲ್ಲೂ ಬೇಟೆಯಾಡುವ ಗಿಡ ಇದೆ ಅಂದರೆ ಮಕ್ಕಳು ಹೇಗೆ ಕಣ್ಣರಳಿಸುತ್ತಾರೆ ನೋಡಬೇಕು. ದೊಡ್ಡವರೂ ಬರಬಹುದು. ಗಮ್ ಬೂಟ್ ಬೇಡ, ಕೆಸರಲ್ಲಿ ಸಿಕ್ಕಿಕೊಳ್ಳುತ್ತದೆ, ಬರಿಗಾಲಲ್ಲೇ ಬನ್ನಿ. ಜಿಗಣೆಗೆ ಉಪ್ಪು ನಾನೇ ತರುತ್ತೇನೆ.