ಇಂಗು ತೆಂಗು ಇಲ್ಲದ ಊರಲ್ಲಿ ಅಮ್ಮನ ಊಟ

ಮಧ್ಯಾಹ್ನ 3 ಗಂಟೆ 10 ನಿಮಿಷ. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಬುಕ್‌ಚೋನ್ ಬಡಾವಣೆ ಹತ್ತಿರದ ಒಂದು ಗಲ್ಲಿ. ನಾವು ಐದು ಜನ ಒಂದು ಹೋಟೆಲಿನ ಮುಂದೆ ಹಸಿದು ನಿಂತಿದ್ದೆವು. ಒಳಗೆ ದೀಪ ಉರಿಯುತ್ತಿತ್ತು. ಕೆಲಸದವರೆಲ್ಲ ಒಂದೇ ಟೇಬಲ್ ಸುತ್ತ ಕೂತು ತಾವು ಊಟ ಮಾಡುತ್ತಿದ್ದರು. ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಮಗಳು ಓದಿದಳು. ಬ್ರೇಕ್ ಟೈಮ್, 3ರಿಂದ 5.

“ಊಟದ ಹೊತ್ತಲ್ಲಿ ಎಂಥ ಬ್ರೇಕು?” ಅಂದರು ಅಮ್ಮ.

ಅಲ್ಲಿ ಅದು ಊಟದ ಹೊತ್ತಲ್ಲ. ಅವರು 12ಕ್ಕೆಲ್ಲ ಊಟಕ್ಕೆ ಕೂರುತ್ತಾರೆ. ನಾವು ಅರಮನೆ ನೋಡಿ, ಫೋಟೋ ತೆಗೆದು, ಬಾಡಿಗೆಗೆ ತಂದಿದ್ದ ಹಾನ್‌ಬೋಕ್ ಅನ್ನುವ ಅಲ್ಲಿನ ಸಾಂಪ್ರದಾಯಿಕ ಉಡುಪು ವಾಪಸ್ ಕೊಟ್ಟು, ಮೂರು ಗಂಟೆಗೆ ‘ಎಲ್ಲಿ ತಿನ್ನೋಣ’ ಅಂತ ಮಾತು ಶುರು ಮಾಡುವ ಜನ. ತಪ್ಪು ನಮ್ಮದೇ.

ಈ ಪ್ರವಾಸಕ್ಕೆ ಮುಂಚೆ ನೆಂಟರು, ಆಫೀಸಿನವರು, ಟೂರ್ ಏಜೆಂಟು, ಎಲ್ಲರೂ ಹೇಳಿದ್ದು ಒಂದೇ ಮಾತು. “ಅಮ್ಮನ್ನ ಯಾಕೆ ಕರ್ಕೊಂಡು ಹೋಗ್ತೀಯಾ? ಪಾಪ, ಏನು ತಿಂತಾರೆ?” ಅಮ್ಮನಿಗೆ 71. ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಏಜೆಂಟಿನ ಹತ್ತಿರ ಪರಿಹಾರ ರೆಡಿ ಇತ್ತು. ಮೂರೂ ಹೊತ್ತು ಇಂಡಿಯನ್ ರೆಸ್ಟೋರೆಂಟ್! ಕೊರಿಯಾಗೆ ಹೋಗಿ ವಾರಪೂರ್ತಿ ಪನೀರ್ ಬಟರ್ ಮಸಾಲ ತಿನ್ನೋದು. ಅದರಲ್ಲೂ ಬೆಳ್ಳುಳ್ಳಿ ಇರುತ್ತದೆ, ಅದು ಅವನಿಗೆ ಹೊಳೆದಿರಲಿಲ್ಲ.

ನಾವು ಪ್ಯಾಕೇಜ್ ಬಿಟ್ಟು ನಾವೇ ಹೋದೆವು. ಜೊತೆಗೆ ಪುಟ್ಟ ರೈಸ್ ಕುಕ್ಕರ್, ಗೊಜ್ಜವಲಕ್ಕಿ, ಎರಡು ಡಬ್ಬಿ ಚಟ್ನಿಪುಡಿ.

ಹೋಗಿ ಬಂದ ಮೇಲೆ ನನ್ನ ಅಭಿಪ್ರಾಯ ಇದು. ಅಪ್ಪ ಅಮ್ಮನನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ಆದರೆ ‘ವೆಜ್’ ಅನ್ನುವ ಪದವನ್ನು ಬೆಂಗಳೂರಲ್ಲೇ ಬಿಟ್ಟು ಹೋಗಿ. ಆ ಪದಕ್ಕೆ ಅಲ್ಲಿ ಬೆಲೆ ಇಲ್ಲ.

ಮೊದಲ ದಿನ ಸುಂಡುಬು ಜಿಗೆ ಅನ್ನುವ ತೋಫು ಸಾರು ಹೇಳಿದೆವು. ಮಗಳು ಬಿಟಿಎಸ್ ಅನ್ನುವ ಕೊರಿಯನ್ ಹಾಡುಗಾರರ ತಂಡದ ಹುಚ್ಚಿನಲ್ಲಿ ಎರಡು ವರ್ಷದಿಂದ ಹಾಂಗುಲ್ (ಕೊರಿಯನ್ ಲಿಪಿ) ಕಲಿತವಳು. ನೆಟ್ಟಗೆ ಕೂತು “ಗೋಗಿ ಪೇಗೊ ಜುಸೆಯೊ” ಅಂದಳು. ಮಾಂಸ ತೆಗೆದು ಕೊಡಿ ಅಂತ. ಅವರೂ ತಲೆ ಆಡಿಸಿದರು. ಕಲ್ಲಿನ ಮಡಕೆಯಲ್ಲಿ ಕೊತಕೊತ ಕುದಿಯುತ್ತಾ ಬಂತು. ಪುಣ್ಯಕ್ಕೆ ನನ್ನ ಹೆಂಡತಿ ಮೊದಲು ಚಮಚ ಹಾಕಿದಳು. ಚಮಚದ ಜೊತೆ ಒಂದು ಚಿಪ್ಪು ಮೇಲೆ ಬಂತು. ಕಪ್ಪೆಚಿಪ್ಪು!

ಯಾರೂ ಮೋಸ ಮಾಡಿರಲಿಲ್ಲ. ಗೋಗಿ ಅಂದರೆ ದನ, ಹಂದಿ, ಕೋಳಿಯ ಮಾಂಸ. ಚಿಪ್ಪು ಗೋಗಿ ಅಲ್ಲ. ಮೀನೂ ಗೋಗಿ ಅಲ್ಲ. ಒಣಮೀನು ಕುದಿಸಿ ತೆಗೆದ ನೀರಂತೂ ಲೆಕ್ಕಕ್ಕೇ ಇಲ್ಲ, ಅದು ಅವರಿಗೆ ನಮ್ಮ ಬೇಳೆಕಟ್ಟು ಇದ್ದ ಹಾಗೆ. ಅವರ ಉಪ್ಪಿನಕಾಯಿ ಕಿಮ್ಚಿ ನೋಡಿದರೆ ಬರೀ ಎಲೆಕೋಸು, ಮೂಲಂಗಿ. ಒಳಗೆ ಬೆಳ್ಳುಳ್ಳಿಯ ಜೊತೆ ಉಪ್ಪು ಹಾಕಿ ಕೊಳೆಸಿದ ಸೀಗಡಿಯೋ ಮೀನಿನ ರಸವೋ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಾಗಾಗಿ ‘ವೆಜ್ ಕೊಡಿ’ ಅಂದರೆ ಅವರಿಗೆ ಅರ್ಥ ಆಗೋದು ‘ತುಂಡು ಕಾಣಬಾರದು’ ಅಂತ ಮಾತ್ರ. ಏನೇನು ಬೇಡ ಅಂತ ಒಂದೊಂದಾಗಿ ಹೇಳಬೇಕು. ಆ ರಾತ್ರಿ ಮಗಳು ಒಂದು ಕಾರ್ಡ್ ಬರೆದಳು. ಮಾಂಸ, ಮೀನು, ಚಿಪ್ಪು, ಸೀಗಡಿ, ಮೀನಿನ ನೀರು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ. ಹಾಂಗುಲ್‌ನಲ್ಲಿ ನೋಡಿದರೆ ಕೋರ್ಟ್ ನೋಟಿಸಿನ ಹಾಗಿತ್ತು.

ಮೂರು ಗಂಟೆಯ ಕಥೆಗೆ ವಾಪಸ್ ಬರುತ್ತೇನೆ. ಎರಡು ಗಲ್ಲಿ ಆಚೆ ಒಂದು ಕಾಲ್‌ಗುಕ್ಸು ಅಂಗಡಿ ತೆರೆದಿತ್ತು. ಕೈಯಲ್ಲಿ ಕತ್ತರಿಸಿದ ನೂಡಲ್ಸ್. ಒಡತಿಗೆ ಅಮ್ಮನದೇ ವಯಸ್ಸು. ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ಪೂರ್ತಿ ಓದಿದರು. ಆಮೇಲೆ ಎರಡೂ ಕೈಗಳನ್ನು ಎದೆ ಮುಂದೆ ಅಡ್ಡ ಹಿಡಿದು ಗುಣಿಸು ಚಿಹ್ನೆ ಮಾಡಿದರು. ಆಗಲ್ಲ. “ಮ್ಯೊಲ್ಚಿ, ಮ್ಯೊಲ್ಚಿ” ಅಂತ ಒಲೆಯ ಕಡೆ ತೋರಿಸಿ, ಕಿರುಬೆರಳು ಎತ್ತಿ ಮೀನು ಎಷ್ಟು ಚಿಕ್ಕದು ಅಂತಲೂ ತೋರಿಸಿದರು. ಅಷ್ಟು ಚಿಕ್ಕದು, ಆದರೂ ಇದೆ!

ಸುಮ್ನೆ ಒಂದು ಬಟ್ಟಲು ಇಟ್ಟಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಐದು ಊಟದ ವ್ಯಾಪಾರ, ಬಿಟ್ಟರು. ಅಷ್ಟೇ ಅಲ್ಲ, ಚಪ್ಪಲಿ ಮೆಟ್ಟಿಕೊಂಡು ಆಚೆ ಬಂದು, ಅಮ್ಮನ ಮೊಣಕೈ ಹಿಡಿದು ಮೂಲೆಯ ಗಂಜಿ ಅಂಗಡಿಗೆ ಬಿಟ್ಟು ಹೋದರು. ಅಲ್ಲಿ ಹೋಬಾಕ್‌ಜುಕ್ ಸಿಕ್ಕಿತು. ಸಿಹಿಕುಂಬಳಕಾಯಿ, ಅಕ್ಕಿಹಿಟ್ಟು, ಚೂರು ಸಿಹಿ. ಅಮ್ಮ ತಿಂದು “ಏಲಕ್ಕಿ ಹಾಕೋದು ಮರೆತಿದ್ದಾರೆ” ಅಂದರು. ಪೂರ್ತಿ ಮುಗಿಸಿದರು.

ನಮ್ಮಲ್ಲಿ ಗಿರಾಕಿಗೆ ‘ಇಲ್ಲ’ ಅನ್ನೋದೇ ಕಷ್ಟ. “ಮಾಡಿಕೊಡ್ತೀವಿ ಸಾರ್” ಅಂತ ಹೇಳಿ ಬೆಳ್ಳುಳ್ಳಿಯನ್ನು ಮೇಲಿಂದ ಆರಿಸಿ ಕೊಡುತ್ತಾರೆ. ಆ ಅಜ್ಜಿಯ ‘ಆಗಲ್ಲ’ ನನಗೆ ಆ ಪ್ರವಾಸದ ಒಳ್ಳೆಯ ಆತಿಥ್ಯಗಳಲ್ಲಿ ಒಂದು.

ಉಳಿದ ನಾಲ್ವರಿಗೆ ಊಟದ ಚಿಂತೆಯೇ ಇರಲಿಲ್ಲ. ಟೇಬಲ್ಲಿನ ಪಕ್ಕದಲ್ಲಿ ಒಂದು ಡ್ರಾಯರ್ ಇರುತ್ತದೆ, ಚಮಚ, ಸ್ಟೀಲ್ ಕಡ್ಡಿಗಳು ಅದರೊಳಗೆ. ಇದು ಗೊತ್ತಿಲ್ಲದೆ ಮೊದಲ ದಿನ ಹತ್ತು ನಿಮಿಷ ಕೈಕಟ್ಟಿ ಕೂತಿದ್ದೆವು. ಟೇಬಲ್ ಮೇಲೆ ಒಂದು ಬೆಲ್ ಬೇರೆ. ಎಂಟು ವರ್ಷದ ಮಗನ ಕೈಗೆ ಅದು ಸಿಗದ ಹಾಗೆ ನೋಡಿಕೊಳ್ಳೋದೇ ಒಂದು ಕೆಲಸ. ಅವನು “ಅಪ್ಪಾ” ಅಂತ ಕಿರುಚಿದರೆ ಪಕ್ಕದ ಟೇಬಲ್ಲಿನ ಕೊರಿಯನ್ ಅಪ್ಪಂದಿರೂ ತಿರುಗುತ್ತಿದ್ದರು. ಅವರ ಭಾಷೆಯಲ್ಲೂ ಅಪ್ಪ ಅಪ್ಪನೇ. ನಾವು ಹೋದಾಗ ಸಾಧಾರಣ ಹೋಟೆಲಿನಲ್ಲಿ, ಅನ್ನ ತರಕಾರಿ ಕಲಸಿ ತಿನ್ನುವ ಬಿಬಿಂಬಾಪ್‌ಗೆ 10-12 ಸಾವಿರ ವಾನ್ ಇತ್ತು, ನಮ್ಮ 600-700 ರೂಪಾಯಿ. ಟಿಪ್ಸ್ ಇಲ್ಲ. ಜೊತೆಗೆ ಬಾಂಚಾನ್ ಅಂತ ನಾಲ್ಕೈದು ಪಲ್ಯ, ಉಪ್ಪಿನಕಾಯಿ ತರಹದ್ದು ಬರುತ್ತವೆ, ಖಾಲಿ ಆದರೆ ಮತ್ತೆ ತಂದಿಡುತ್ತಾರೆ, ದುಡ್ಡಿಲ್ಲ. ಈಗ ನಮ್ಮೂರಲ್ಲಿ ಎರಡನೇ ಬಟ್ಟಲು ಸಾಂಬಾರಿಗೂ ಬಿಲ್ ಹಾಕುವವರಿದ್ದಾರೆ, ಅವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

ಅಮ್ಮನಿಗೆ ಇಷ್ಟ ಆಗಿದ್ದು ಅನ್ನದ ಬಟ್ಟಲು. ಮುಚ್ಚಳ ಇರುವ ಪುಟ್ಟ ಸ್ಟೀಲ್ ಬಟ್ಟಲು, ಯಾವ ಹೋಟೆಲಿಗೆ ಹೋದರೂ ಹೆಚ್ಚುಕಡಿಮೆ ಒಂದೇ ಅಳತೆ. ಅದಕ್ಕೊಂದು ಕಥೆ ಇದೆ. 1970ರ ದಶಕದಲ್ಲಿ ಅವರಿಗೆ ಅಕ್ಕಿ ಸಾಲುತ್ತಿರಲಿಲ್ಲ. ಹೋಟೆಲುಗಳಲ್ಲಿ ಅನ್ನ ಜಾಸ್ತಿ ಖರ್ಚಾಗಬಾರದು ಅಂತ ಸಿಯೋಲ್ ಆಡಳಿತ ಬಟ್ಟಲಿನ ಅಳತೆಯನ್ನೇ ಗೊತ್ತು ಮಾಡಿತು. 10.5 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರ. ಅಮ್ಮ ಇದನ್ನು ಕೇಳಿ, “ನಮ್ಮನೇಲಿ ರೇಷನ್ ಕಾಲದಲ್ಲಿ ಅಜ್ಜಿ ಪಾವು ಇಟ್ಕೊಂಡಿದ್ರಲ್ಲ, ಹಂಗೆ” ಅಂದರು.

ಕಾಫಿ ವಿಷಯ ಬೇರೆ. ಬೆಂಗಳೂರಿನವನಿಗೆ ಬೈ ಟು ಜನ್ಮಸಿದ್ಧ ಹಕ್ಕು. ಅಲ್ಲಿ ಎಷ್ಟೋ ಕೆಫೆಗಳಲ್ಲಿ ತಲೆಗೊಂದು ಡ್ರಿಂಕ್ ತಗೋಬೇಕು ಅಂತ ಬರೆದಿರುತ್ತಾರೆ. ಐದು ಜನಕ್ಕೆ ಐದು. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಅವರು ಮಾರುತ್ತಿರೋದು ಕಾಫಿ ಅಲ್ಲ, ಕುರ್ಚಿ. ಸರಿ, ಕೊಟ್ಟೆವು.

ಆದರೆ ಇನ್ನೊಂದು ‘ಇಲ್ಲ’ವನ್ನು ನನಗೆ ಇವತ್ತಿಗೂ ನುಂಗೋಕೆ ಆಗಿಲ್ಲ. ಒಂದು ಚಂದದ ಕೆಫೆ, ಕಿಟಕಿಯಾಚೆ ಬೆಟ್ಟ. ಬಾಗಿಲಲ್ಲಿ ‘ನೋ ಕಿಡ್ಸ್ ಝೋನ್’. ಮಗನನ್ನು ನೋಡಿ ಹುಡುಗಿ ತಲೆ ಬಗ್ಗಿಸಿ ಕ್ಷಮೆ ಕೇಳಿದಳು, ಒಳಗೆ ಬಿಡಲಿಲ್ಲ. ಅವನು “ನಾನು ಏನೂ ಮಾಡಿಲ್ವಲ್ಲ” ಅಂದ. ಏನು ಹೇಳೋದು? ಇಂಥ ಬೋರ್ಡ್ ತಾರತಮ್ಯ ಅಂತ ಅಲ್ಲಿನ ರಾಷ್ಟ್ರೀಯ ಮಾನವ ಹಕ್ಕು ಆಯೋಗವೇ 2017ರಲ್ಲಿ ಹೇಳಿದೆ, ಜೆಜು ದ್ವೀಪದ ಒಂದು ರೆಸ್ಟೋರೆಂಟ್ ವಿಷಯದಲ್ಲಿ. ಆದರೂ ಬೋರ್ಡ್‌ಗಳು ಹಾಗೇ ಇವೆ. 2023ರಲ್ಲಿ ಆ ದೇಶದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು. ಮಕ್ಕಳು ಹುಟ್ಟುತ್ತಿಲ್ಲ ಅಂತ ಸರ್ಕಾರ ತಲೆ ಕೆಡಿಸಿಕೊಂಡಿದೆ. ಹುಟ್ಟಿದ ಮಕ್ಕಳಿಗೆ ಕೇಕ್ ತಿನ್ನೋಕೆ ಜಾಗ ಇಲ್ಲ. ಅಜ್ಜಿ ‘ಇಲ್ಲ’ ಅಂದಿದ್ದು ನಮ್ಮ ಸಲುವಾಗಿ. ಇದು ಯಾರ ಸಲುವಾಗಿ?

2025ರ ಮೇ 5 ಅಲ್ಲಿ ಮಕ್ಕಳ ದಿನ. ಆ ಸಲ ಬುದ್ಧನ ಹುಟ್ಟುಹಬ್ಬವೂ ಅದೇ ದಿನ ಬಂದಿತ್ತು. ಬೆಟ್ಟದ ಬುಡದ ಒಂದು ಸಣ್ಣ ದೇವಸ್ಥಾನಕ್ಕೆ ಹೋದೆವು. ಅಂಗಳದ ತುಂಬ ಕಾಗದದ ತಾವರೆ ದೀಪಗಳು. ಹಿಂದೆ ಉದ್ದ ಕ್ಯೂ. ಆ ದಿನ ದೇವಸ್ಥಾನಗಳಲ್ಲಿ ಬಂದವರಿಗೆ ಬಿಬಿಂಬಾಪ್ ಬಡಿಸುತ್ತಾರೆ, ದುಡ್ಡಿಲ್ಲದೆ. ನಮ್ಮ ಧರ್ಮಸ್ಥಳ, ಶೃಂಗೇರಿ ನೋಡಿದವರಿಗೆ ಹೇಳಿಕೊಡಬೇಕಾ? ಅಮ್ಮ ಸೆರಗು ಸಿಕ್ಕಿಸಿ ನೇರ ಕ್ಯೂನಲ್ಲಿ ನಿಂತರು. ಅನ್ನ, ಮೊಳಕೆ ಕಾಳು, ಮೂಲಂಗಿ, ಪಾಲಕ್, ಕಾಡಿನ ಯಾವುದೋ ಸೊಪ್ಪು. ನಾನು ಕಾರ್ಡ್ ತೆಗೆದೆ. ಬಡಿಸುತ್ತಿದ್ದಾಕೆ ಓದಿ ನಕ್ಕುಬಿಟ್ಟರು. ನಮ್ಮ ಕಾರ್ಡಿನಲ್ಲಿದ್ದ ಒಂದೂ ಅಲ್ಲಿ ಇರಲಿಲ್ಲ. ಬೆಳ್ಳುಳ್ಳಿ ಸಹ!

ಬೆಳ್ಳುಳ್ಳಿ ಇಲ್ಲದೆ ಉಸಿರೇ ಆಡದ ದೇಶ, ಅಲ್ಲಿನ ಬೌದ್ಧ ದೇವಸ್ಥಾನದ ಅಡುಗೆಮನೆಯಲ್ಲಿ ಮಾತ್ರ ಅದಕ್ಕೆ ಪ್ರವೇಶ ಇಲ್ಲ. ಘಾಟಿನ ಐದು ಪದಾರ್ಥಗಳು ನಿಷೇಧ. ಹಸಿ ತಿಂದರೆ ಸಿಟ್ಟು, ಬೇಯಿಸಿ ತಿಂದರೆ ಕಾಮ ಹೆಚ್ಚುತ್ತದೆ ಅಂತ ಕಾರಣ. ಅಮ್ಮ ಐವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೂ ಅದನ್ನೇ. ಕಂಬದ ಪಕ್ಕ ಕೂತು, ಚೀಲದಿಂದ ಡಬ್ಬಿ ತೆಗೆದು ಎರಡು ಚಮಚ ಚಟ್ನಿಪುಡಿ ಉದುರಿಸಿ ಕಲಸಿದರು. “ಇದು ಮಠದ ಊಟ ಕಣೋ” ಅಂದರು. ಎರಡನೇ ಸಲ ಹಾಕಿಸಿಕೊಂಡರು.

ರಾತ್ರಿ ರೂಮಿನಲ್ಲಿ ಆ ಐದು ಪದಾರ್ಥ ಯಾವುವು ಅಂತ ಓದುತ್ತಿದ್ದೆ. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಅದರ ಜಾತಿಯ ಇನ್ನೆರಡು ಸೊಪ್ಪು. ಐದನೆಯದು ಹುಂಗೊ. ಅದು ಸಂಸ್ಕೃತದ ಹಿಂಗು ಅಂತೆ. ನಮ್ಮ ಇಂಗು! ಕೊರಿಯಾದಲ್ಲಿ ಇಂಗು ಬೆಳೆಯೋದೇ ಇಲ್ಲ, ಆದರೂ ಪಟ್ಟಿಯಲ್ಲಿ ಕೂತಿದೆ. ಚಟ್ನಿಪುಡಿಗೆ ಅಮ್ಮ ಹಾಕೋದು ಹೆಬ್ಬೆಟ್ಟಿನಷ್ಟು ಇಂಗು. ಬುದ್ಧನ ಹುಟ್ಟುಹಬ್ಬದ ದಿನ ಅವನ ಅಂಗಳದಲ್ಲೇ ನಾವು ನೇಮ ಮುರಿದಿದ್ದೆವು. ನಾನು ಇಂಗು ತಿಂದ ಮಂಗನ ಹಾಗೆ ಕೂತೆ. ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇಂಗು ತೆಂಗು ಇದ್ರೆ ಮಂಗಾನೂ ಅಡುಗೆ ಮಾಡುತ್ತೆ ಅಂತಾರೆ. ಇವರು ಎರಡೂ ಇಲ್ದೆ ಮಾಡ್ತಾರಲ್ಲ, ಭೇಷ್” ಅಂದರು. ಆಮೇಲೆ, “ಬುದ್ಧ ನಮ್ಮ ಕಡೆಯವನೇ ಅಲ್ವಾ, ಏನೂ ಅಂದ್ಕೊಳ್ಳಲ್ಲ ಬಿಡು.”

ಹಬ್ಬದ ದಿನ ಸಿಗದವರಿಗೆ ಒಂದು ಮಾತು. ಸಿಯೋಲ್‌ನ ಇನ್ಸಾಡಾಂಗ್ ಸುತ್ತಮುತ್ತ ಈ ದೇವಸ್ಥಾನದ ಅಡುಗೆಯ ರೆಸ್ಟೋರೆಂಟುಗಳಿವೆ. ಜೋಗ್ಯೇಸಾ ದೇವಸ್ಥಾನದ ಎದುರಿನ ಬಾಲು ಗೊಂಗ್ಯಾಂಗ್‌ಗೆ 2017ರ ಪಟ್ಟಿಯಲ್ಲಿ ಹೋಟೆಲುಗಳಿಗೆ ದೊಡ್ಡ ಮನ್ನಣೆ ಅನ್ನಿಸುವ ಮಿಷೆಲಿನ್ ಸ್ಟಾರ್ ಸಿಕ್ಕಿತ್ತು. ಮೊದಲೇ ಬುಕ್ ಮಾಡಬೇಕು, ದುಡ್ಡು ಜಾಸ್ತಿ. ಅಮ್ಮನನ್ನು ಕೊನೆಯ ದಿನ ಕರೆದುಕೊಂಡು ಹೋದೆವು. ಚೆನ್ನಾಗಿತ್ತು, ಕ್ಯೂನಲ್ಲಿ ನಿಂತು ತಿಂದಷ್ಟಲ್ಲ ಅಂದರು.

ರೈಸ್ ಕುಕ್ಕರ್ ಎರಡೇ ಸಲ ಆನ್ ಆಗಿದ್ದು. ವಾಪಸ್ ಬರುವಾಗ ಅಮ್ಮ ಅದರೊಳಗೆ ನಾಮ್‌ಡೇಮುನ್ ಮಾರ್ಕೆಟ್ಟಿನಲ್ಲಿ ಕೊಂಡ ಎರಡು ಮುಚ್ಚಳದ ಬಟ್ಟಲುಗಳನ್ನು ಪೇಪರ್ ಸುತ್ತಿ ತುಂಬಿದ್ದರು. ಈಗ ಒಂದರಲ್ಲಿ ತುಪ್ಪ ಇದೆ. ಇನ್ನೊಂದರಲ್ಲಿ ಇಂಗು. ಮುಚ್ಚಳ ಎಷ್ಟು ಬಿಗಿ ನೋಡು, ಘಮ ಆಚೆ ಬರಲ್ಲ ಅಂತ ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ.