ಬಿಳಿ ಸ್ಲಾಟ್ ಎಲ್ಲಿ ಹೋಯ್ತು?

ನನ್ನ ಕಂಪ್ಯೂಟರ್ ವಿದ್ಯೆ ಪೂರ್ತಿ ಬಣ್ಣದ ಮೇಲೆ ನಿಂತಿತ್ತು. ಮದರ್‌ಬೋರ್ಡ್, ಅಂದರೆ ಒಳಗಿನ ಮುಖ್ಯ ಬೋರ್ಡ್ ಮೇಲೆ ಕಾರ್ಡ್ ಸಿಕ್ಕಿಸೋ ಸ್ಲಾಟ್ ಉದ್ದನೆಯ ಕಪ್ಪು ಇದ್ದರೆ ಅದು ಐಎಸ್‌ಎ ಜಾತಿಯದು. ಬಿಳಿ ಇದ್ದರೆ ಪಿಸಿಐ. ಕಂದು ಬಣ್ಣದ್ದು ಒಂದೇ ಒಂದು, ಉಳಿದವುಗಳಿಗಿಂತ ಸ್ವಲ್ಪ ಒಳಗೆ ಸರಿದು ಕೂತಿದ್ದರೆ ಅದು ಎಜಿಪಿ, ಗ್ರಾಫಿಕ್ಸ್ ಕಾರ್ಡಿನದು. ಕಾಲೇಜಿನ ದಿನಗಳಲ್ಲಿ ಕಲಿತ ಇಷ್ಟನ್ನು ಮಗ್ಗಿ ಥರ ಬಾಯಿಪಾಠ ಮಾಡಿಕೊಂಡಿದ್ದೆ. ಇದರ ಬಲದಿಂದಲೇ ನೆಂಟರಿಷ್ಟರಲ್ಲಿ ‘ಅವನಿಗೆ ಕಂಪ್ಯೂಟರ್ ಬಿಚ್ಚೋಕೆ ಬರುತ್ತೆ’ ಅನ್ನೋ ಹೆಸರೂ ಬಂದಿತ್ತು. ಬಿಚ್ಚೋಕೆ ಬರುತ್ತಿತ್ತು, ನಿಜ. ಜೋಡಿಸೋ ವಿಷಯ ಯಾರೂ ಕೇಳಿರಲಿಲ್ಲ.

ಹಳೇ ಕಂಪ್ಯೂಟರ್ ಕಣ್ಣು ಮುಚ್ಚಿದಾಗ ಅದರ ಪಿಸಿಐ ಸೌಂಡ್ ಕಾರ್ಡನ್ನು ಎತ್ತಿಟ್ಟುಕೊಂಡಿದ್ದೆ. ಚೆನ್ನಾಗಿರೋ ಕಾರ್ಡ್, ಎಸೆಯೋಕೆ ಮನಸ್ಸು ಬರಲಿಲ್ಲ. ಒಂದು ಭಾನುವಾರ ಅದನ್ನು ಹೊಸ ಕಂಪ್ಯೂಟರಿಗೆ ಹಾಕೋಣ ಅಂತ ಕೂತೆ. ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ ಮಲಗಿಸಿ, ಪಕ್ಕದ ಬಾಗಿಲು ತೆಗೆದೆ. ಮಗಳು ಮೊಬೈಲ್ ಟಾರ್ಚ್ ಹಿಡಿದಳು.

ಒಳಗೆ ಎಲ್ಲವೂ ಕಪ್ಪು. ಬೋರ್ಡ್ ಕಪ್ಪು, ಸ್ಲಾಟ್ ಕಪ್ಪು, ಉದ್ದದ್ದೂ ಕಪ್ಪು, ಗಿಡ್ಡದ್ದೂ ಕಪ್ಪು.

“ಏನು ಹುಡುಕ್ತಿದ್ದೀಯ ಅಪ್ಪಾ?”

“ಬಿಳಿ ಸ್ಲಾಟ್.”

“ಬಿಳೀದು ಇಲ್ವಲ್ಲ.”

“ಇರುತ್ತೆ. ಧೂಳು ಕೂತಿರಬೇಕು.” ಬಟ್ಟೆ ತಗೊಂಡು ಒರೆಸಿದೆ. ಕಪ್ಪು ಇನ್ನೂ ಕಪ್ಪಾಗಿ ಹೊಳೆಯಿತು.

ಬಣ್ಣ ಕೈಕೊಟ್ಟ ಮೇಲೆ ಉದ್ದ ನೋಡೋಣ ಅಂದುಕೊಂಡೆ. ಇಲ್ಲೇ ಮೋಸ ಹೋಗಿದ್ದು. ಹಳೇ ಪಿಸಿಐ ಸ್ಲಾಟ್ ಸುಮಾರು 85 ಮಿಲಿಮೀಟರ್ ಉದ್ದ. ಈಗಿನ ಪಿಸಿಐ ಎಕ್ಸ್‌ಪ್ರೆಸ್‌ನ (ಚಿಕ್ಕದಾಗಿ ಪಿಸಿಐಇ) ದೊಡ್ಡ ಸ್ಲಾಟ್ 89. ಹೆಸರೂ ಒಂದೇ ಥರ, ಅಳತೆಯೂ ಹೆಚ್ಚು ಕಡಿಮೆ ಒಂದೇ. ಅಣ್ಣ ತಮ್ಮ ಇರಬೇಕು ಅಂತ ಕಾರ್ಡನ್ನು ಒತ್ತಿದೆ. ಹೋಗಲಿಲ್ಲ. ಇನ್ನಷ್ಟು ಒತ್ತಿದೆ. ಬೋರ್ಡ್ ಬಾಗಿತು, ಮಗಳ ಹುಬ್ಬು ಏರಿತು. ಸದ್ಯ, ಕಾರ್ಡಿನ ಕಚ್ಚು ಸ್ಲಾಟಿನ ತಡೆಗೋಡೆಗೆ ಸರಿಹೊಂದಲಿಲ್ಲ. ಆ ಕಚ್ಚನ್ನು ಅಲ್ಲಿ ಇಟ್ಟವರು ನನ್ನಂಥವರನ್ನು ನೆನೆಸಿಕೊಂಡೇ ಇಟ್ಟಿರಬೇಕು.

ಆಮೇಲೆ ಗೊತ್ತಾಯ್ತು, ಹೆಸರು ಬಿಟ್ಟರೆ ಸ್ಲಾಟಿನೊಳಗೆ ಎರಡಕ್ಕೂ ಅಂಥ ನಂಟಿಲ್ಲ. 1992ರಲ್ಲಿ ಬಂದ ಪಿಸಿಐ ನಿಜವಾದ ಅರ್ಥದಲ್ಲಿ ಬಸ್ಸು. ಡೇಟಾಗೆ 32 ತಂತಿಗಳು, ಎಲ್ಲ ಕಾರ್ಡುಗಳೂ ಅದರಲ್ಲೇ ಹತ್ತಿ ಜಾಗಕ್ಕೆ ಕಿತ್ತಾಡಬೇಕು. 2003ರ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಒಂದೊಂದು ಸ್ಲಾಟಿಗೂ ಅದರದ್ದೇ ಲೇನ್, ಅಂದರೆ ಡೇಟಾ ಓಡೋ ಸ್ವಂತ ದಾರಿ. ಒಂದು ಲೇನ್ ಇದ್ದರೆ ಎಕ್ಸ್1, ಗಿಡ್ಡ. ಹದಿನಾರು ಇದ್ದರೆ ಎಕ್ಸ್16, ಉದ್ದ. ನನ್ನ ಕಾರ್ಡ್ ಬಸ್ಸಿಲ್ಲದ ಊರಲ್ಲಿ ಪಾಸ್ ಹಿಡಿದು ನಿಂತಿತ್ತು.

ಹೋಗಲಿ ಅಂತ ಬಾಗಿಲು ಮುಚ್ಚಬೇಕು, ಅಷ್ಟರಲ್ಲಿ ಮಗಳು, “ಅಪ್ಪಾ, ಗ್ರಾಫಿಕ್ಸ್ ಕಾರ್ಡ್ ಯಾಕೆ ಕೆಳಗಡೆ ಸ್ಲಾಟಲ್ಲಿದೆ?” ಅಂದಳು.

ಅದನ್ನು ಆರು ತಿಂಗಳ ಹಿಂದೆ ಹಾಕಿದ್ದೂ ನಾನೇ. ಮೇಲಿನದು ಪ್ರೊಸೆಸರಿನ ಫ್ಯಾನಿಗೆ ತೀರಾ ಹತ್ತಿರ, ಕೆಳಗಾದರೆ ಗಾಳಿ ಚೆನ್ನಾಗಿ ಆಡುತ್ತೆ ಅನ್ನೋದು ನನ್ನ ಲೆಕ್ಕ. ಎರಡೂ ಅಷ್ಟೇ ಉದ್ದ ಅಲ್ವಾ? ಸಾಬೀತು ಮಾಡಿ ತೋರಿಸೋಣ ಅಂತ ಕಾರ್ಡ್ ಎಳೆದೆ. ಅದು ಬರಲಿಲ್ಲ, ಇಡೀ ಕ್ಯಾಬಿನೆಟ್ಟೇ ಎದ್ದು ಬಂತು. ಉದ್ದದ ಸ್ಲಾಟಿನ ಕೊನೆಯಲ್ಲಿ ಒಂದು ಸಣ್ಣ ಲಾಕ್ ಇರುತ್ತೆ, ಅದನ್ನು ಮೊದಲು ಒತ್ತಬೇಕು. ಇದನ್ನೂ ಮಗಳೇ ಕಂಡುಹಿಡಿದಳು.

ಖಾಲಿಯಾದ ಸ್ಲಾಟಿಗೆ ಟಾರ್ಚ್ ಬಿಟ್ಟು ಇಬ್ಬರೂ ಇಣುಕಿದೆವು. ಲೋಹದ ಪಿನ್ನುಗಳು ಅರ್ಧ ದೂರವೂ ಬರದೆ ನಿಂತುಬಿಟ್ಟಿದ್ದವು. ಮುಂದೆ ಬರೀ ಪ್ಲಾಸ್ಟಿಕ್. ಹೊರಗಿನಿಂದ ಹದಿನಾರು ಲೇನ್, ಒಳಗೆ ನಾಲ್ಕು! ಮೇಲಿನದರಲ್ಲಿ ಪಿನ್ನುಗಳು ತುದಿಯವರೆಗೂ ಇದ್ದವು, ಅದರ ದಾರಿ ನೇರ ಪ್ರೊಸೆಸರಿಗೇ. ಆರು ತಿಂಗಳು ಆ ಬಡಪಾಯಿ ಕಾರ್ಡನ್ನು ಓಣಿಯಲ್ಲಿ ಓಡಿಸಿ, ‘ಗೇಮ್ ಯಾಕೋ ನಿಧಾನ’ ಅಂತ ಗೇಮನ್ನು ಬೈದಿದ್ದೆ.

ಕಾರ್ಡನ್ನು ಮೇಲಕ್ಕೆ ಹಾಕಿದ್ದಾಯ್ತು. ಅದರ ದಪ್ಪ ಫ್ಯಾನು ಪಕ್ಕದ ಗಿಡ್ಡ ಸ್ಲಾಟನ್ನು ಪೂರ್ತಿ ಮುಚ್ಚಿಬಿಟ್ಟಿತು. ಮುಂದಿನ ವಾರ ಹೊಸ ಸೌಂಡ್ ಕಾರ್ಡ್ ಬಂತು, ಎಕ್ಸ್1, ಬೆರಳುದ್ದದ ಮೂತಿ. ಹಾಕೋ ಸ್ಲಾಟು ಫ್ಯಾನಿನ ಅಡಿಯಲ್ಲಿ. ಇನ್ನೇನು ವಾಪಸ್ ಕಳಿಸಬೇಕು ಅಂತ ಮುಖ ಸಣ್ಣ ಮಾಡಿಕೊಂಡಿದ್ದೆ. ಮಗಳು ಸುಮ್ನೆ ಕೆಳಗಿನ ಉದ್ದದ ಸ್ಲಾಟಿನಲ್ಲಿ ಇಟ್ಟು ಒತ್ತಿದಳು. ಕೂತಿತು. ಸಣ್ಣ ಕಾರ್ಡ್ ದೊಡ್ಡ ಸ್ಲಾಟಿನಲ್ಲಿ ಆರಾಮಾಗಿ ನಡೆಯುತ್ತದಂತೆ. ಖಾಲಿ ಬಸ್ಸಲ್ಲಿ ಒಬ್ಬನೇ ಕೂತ ಹಾಗೆ ಕಾಣುತ್ತಿತ್ತು ಅಷ್ಟೇ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅದೇ ಜೋಶಿನಲ್ಲಿ ಎಂ.2 ಎಸ್‌ಎಸ್‌ಡಿ ಕೂಡ ತರಿಸಿದ್ದೆ, ಫೈಲುಗಳನ್ನು ಇಡೋ ತೆಳ್ಳನೆಯ ಸಣ್ಣ ಪಟ್ಟಿ. ಮೇಲೆ 2280 ಅಂತ ಬರೆದಿತ್ತು. ಅದು ವೇಗ ಅಂತ ತಿಳಿದು ಗೆಳೆಯರ ಹತ್ತಿರ ಜಂಬವನ್ನೂ ಕೊಚ್ಚಿದ್ದೆ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, ಅಷ್ಟೇ ಅದರ ಅರ್ಥ. ಮೊದಲು ಸಿಕ್ಕ ಎಂ.2 ಸ್ಲಾಟಿಗೆ ಹಿಡಿದೆ. ಅದು ವೈಫೈ ಕಾರ್ಡಿನದು, ಕಚ್ಚೇ ಬೇರೆ ಕಡೆ. ಸರಿಯಾದ ಸ್ಲಾಟಿಗೆ ಓರೆಯಾಗಿ ತೂರಿಸಿ, ಕೆಳಗೆ ಬಗ್ಗಿಸಿ, ತುದಿಗೆ ಸ್ಕ್ರೂ ಹಾಕಬೇಕು. ಸಾಸಿವೆಗಿಂತ ಸ್ವಲ್ಪ ದೊಡ್ಡ ಸ್ಕ್ರೂ. ಕೈಜಾರಿತು. ಟಿಣ್ ಅಂದಿದ್ದು ಕೇಳಿಸಿತು, ಎಲ್ಲಿ ಅಂತ ಕಾಣಿಸಲಿಲ್ಲ.

ಮಗಳು ಕ್ಯಾಬಿನೆಟ್ಟಿನೊಳಗೆ ತಲೆ ಹಾಕಿ ಹುಡುಕತೊಡಗಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಓದುವ ದನಿ ಬಂತು. “ಪಿಸಿಐಇ ಎಕ್ಸ್16... ಪಿಸಿಐಇ ಎಕ್ಸ್1... ಎಂ.2 ವೈಫೈ...”

“ಏನೇ ಅದು?”

“ಪ್ರತಿ ಸ್ಲಾಟ್ ಪಕ್ಕದಲ್ಲೂ ಅದರ ಹೆಸರು ಬರೆದಿದ್ದಾರೆ ಅಪ್ಪಾ. ಸಣ್ಣ ಅಕ್ಷರ.”

ಕನ್ನಡಕ ತಂದು ಬಗ್ಗಿ ನೋಡಿದೆ. ಹೌದು. ಇಡೀ ಬೋರ್ಡಿನಲ್ಲಿ ಬಿಳಿ ಅಂತ ಇದ್ದಿದ್ದು ಆ ಅಕ್ಷರಗಳೇ.

“ಮೊದಲೇ ಹೇಳಬಾರದಿತ್ತಾ?”

“ನೀನು ಬರೀ ಬಣ್ಣ ಕೇಳಿದೆ,” ಅಂದಳು. ಸ್ಕ್ರೂ ಇನ್ನೂ ಸಿಕ್ಕಿಲ್ಲ.