ದುಡ್ಡು ಕೆಲಸಕ್ಕಿಂತ ಮುಂದೆ ಹೋಗಬಾರದು

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ನಮ್ಮ ಮನೆಯ ಬಚ್ಚಲುಮನೆಯನ್ನು ಹೊಸದಾಗಿ ಮಾಡಿಸಲು ಹೊರಟಾಗ, ಮೊದಲು ಬಂದ ಗುತ್ತಿಗೆದಾರ 18,000 ಡಾಲರಿನ ಕೆಲಸಕ್ಕೆ 7,000 ಡಾಲರ್ ಮುಂಗಡ ಕೇಳಿದ. ನನಗದು ಅಸಹಜವೆನಿಸಲಿಲ್ಲ; ಮೈಸೂರಿನಲ್ಲಿ ಮನೆ ಕಟ್ಟಿಸುವಾಗ ನಮ್ಮ ತಂದೆಯವರೂ ಸಿಮೆಂಟಿಗೆ, ಕಬ್ಬಿಣಕ್ಕೆ ಎಂದು ಮೇಸ್ತ್ರಿಯ ಕೈಗೆ ಮೊದಲೇ ಹಣ ಕೊಡುತ್ತಿದ್ದುದನ್ನು ಕಂಡು ಬೆಳೆದವನು ನಾನು. ಪರಿಚಿತರು ಹೇಳಿ ಕಳಿಸಿದ ಮನುಷ್ಯ, ಮಾತು ಮೃದು, ದರವೂ ಉಳಿದವರಿಗಿಂತ ಕಡಿಮೆ. ಕೊಟ್ಟುಬಿಟ್ಟೆ. ಹಳೆಯ ಟೈಲ್ಸ್ ಒಡೆದು ರಾಶಿ ಹಾಕಿದ ಮೇಲೆ ಅವನು ಬರುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ಹದಿನೈದು ದಿನಕ್ಕೊಮ್ಮೆಯಾಯಿತು, ಕೊನೆಗೆ ಫೋನ್ ಎತ್ತುವುದೂ ನಿಂತಿತು.

ಇಲ್ಲಿನ ಕಾನೂನನ್ನು ನಾನು ಓದಿದ್ದು ಆಮೇಲೆ. ಈ ರಾಜ್ಯದಲ್ಲಿ ಗುತ್ತಿಗೆದಾರರಿಗೆ ಪರವಾನಗಿ ಕೊಡುವ ಮಂಡಳಿ 1929ರಿಂದಲೂ ಇದೆ. ಮನೆ ದುರಸ್ತಿಯ ಕರಾರಿನಲ್ಲಿ ಮುಂಗಡವು ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಸಾಮಾನ್ಯವಾಗಿ ಮೀರುವಂತಿಲ್ಲ. ಮುಂದಿನ ಕಂತುಗಳೂ ಆವರೆಗೆ ಮುಗಿದ ಕೆಲಸ ಮತ್ತು ತಂದುಕೊಟ್ಟ ಸಾಮಗ್ರಿಯ ಬೆಲೆಯನ್ನು ದಾಟುವಂತಿಲ್ಲ. ಅಂದರೆ ಆ 7,000 ಡಾಲರಿನ ಬೇಡಿಕೆಯೇ ಅವನನ್ನು ಬಾಗಿಲಿನಿಂದ ಹಿಂದೆ ಕಳಿಸಲು ಸಾಕಿತ್ತು. ಅವನ ಮುಖಭಾವ ನೋಡಿ ಅಳೆಯುವ ಅಗತ್ಯವೇ ಇರಲಿಲ್ಲ.

ಎರಡನೆಯವರನ್ನು ಗೊತ್ತುಮಾಡುವ ಮೊದಲು ಅವರ ಲೈಸೆನ್ಸ್ ಸಂಖ್ಯೆಯನ್ನು ಮಂಡಳಿಯ ಜಾಲತಾಣದಲ್ಲಿ ಹಾಕಿ ನೋಡಿದೆ. ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಯಾವ ಕೆಲಸಕ್ಕೆ ಕೊಟ್ಟದ್ದು, ಗುತ್ತಿಗೆದಾರ ತಪ್ಪಿ ನಡೆದರೆ ನಷ್ಟ ತುಂಬಿಕೊಡಲೆಂದು ಇರುವ 25,000 ಡಾಲರಿನ ಬಾಂಡ್ (ಭದ್ರತಾ ಪತ್ರ) ಇದೆಯೇ, ಕೆಲಸಗಾರರಿಗೆ ಅಪಘಾತ ವಿಮೆ ಇದೆಯೇ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಈ ಕೊನೆಯದನ್ನು ನಮ್ಮವರು ಸಾಮಾನ್ಯವಾಗಿ ಕೇಳುವುದಿಲ್ಲ, ಆದರೆ ವಿಮೆಯಿಲ್ಲದ ಕೆಲಸಗಾರ ನಮ್ಮ ಮನೆಯ ಏಣಿಯಿಂದ ಬಿದ್ದರೆ ಆ ಹೊಣೆ ನಮ್ಮ ತಲೆಗೇ ಬರಬಹುದು. ಇನ್ನೊಂದು ವಿಷಯ ನನಗೆ ತೀರ ಹೊಸದು: ಗುತ್ತಿಗೆದಾರನಿಗೆ ನಾವು ಪೂರ್ತಿ ಹಣ ಕೊಟ್ಟಿದ್ದರೂ, ಅವನು ಟೈಲ್ಸ್ ಅಂಗಡಿಯ ಬಾಕಿ ತೀರಿಸದಿದ್ದರೆ ಆ ಅಂಗಡಿಯವರು ನಮ್ಮ ಮನೆಯ ಮೇಲೆಯೇ ಹಕ್ಕು ದಾಖಲಿಸಬಹುದು. ಆದ್ದರಿಂದ ಪ್ರತಿ ಕಂತಿಗೂ ಆ ಹಕ್ಕನ್ನು ಬಿಟ್ಟುಕೊಟ್ಟ ಪತ್ರ ಪಡೆದೆ.

ತಂದೆಯವರ ಬಳಿ ಇಂಥ ಒಂದು ಕಾಗದವೂ ಇರಲಿಲ್ಲ. ಆದರೂ ಅವರು ಮೋಸ ಹೋಗಲಿಲ್ಲ. ಮೇಸ್ತ್ರಿ ಪಕ್ಕದ ಬೀದಿಯವರು, ಅವರು ಕಟ್ಟಿದ ನಾಲ್ಕು ಮನೆಗಳು ಕಣ್ಣೆದುರಿಗೇ ಇದ್ದವು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಶನಿವಾರದ ಬಟವಾಡೆ ಎಂದು ಈಗ ನನಗನ್ನಿಸುತ್ತದೆ. ವಾರವಿಡೀ ಆದ ಕೆಲಸವನ್ನು ಗೋಡೆ ಗೋಡೆ ಮುಟ್ಟಿ ನೋಡಿ, ಎಷ್ಟು ಆಳು ಬಂದಿದ್ದರೆಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸಂಜೆ ಕೂಲಿ ಎಣಿಸಿ ಕೊಡುತ್ತಿದ್ದರು. ಮುಂಗಡ ಕೊಟ್ಟ ಸಿಮೆಂಟಿನ ಮೂಟೆಗಳನ್ನೂ ಅಂದೇ ಲೆಕ್ಕ ಹಾಕುತ್ತಿದ್ದರು. ದುಡ್ಡು ಕೆಲಸಕ್ಕಿಂತ ಒಂದು ವಾರಕ್ಕೂ ಹೆಚ್ಚು ಮುಂದೆ ಹೋಗಲು ಅವರು ಬಿಡಲೇ ಇಲ್ಲ. ಇಲ್ಲಿ ಕಾನೂನು ಮಾಡುವುದನ್ನು ಅಲ್ಲಿ ಆ ಬಟವಾಡೆ ಮಾಡುತ್ತಿತ್ತು.

ನನ್ನನ್ನು ಕಾಡುವುದು ಇದೇ. ಈಗ ಊರಿನ ಮನೆಗಳ ದುರಸ್ತಿಯನ್ನು ನಮ್ಮಂಥವರು ಹೊರದೇಶದಿಂದ ಫೋನಿನಲ್ಲೇ ಮಾಡಿಸುತ್ತಿದ್ದೇವೆ. ಬಟವಾಡೆಗೆ ನಿಲ್ಲುವವರು ಯಾರೂ ಇಲ್ಲ, ಲಕ್ಷಗಟ್ಟಲೆ ರೂಪಾಯಿ ಒಂದೇ ಸಲಕ್ಕೆ ಖಾತೆಗೆ ಹೋಗುತ್ತದೆ, ವಾಟ್ಸಾಪಿನಲ್ಲಿ ಬಂದ ಎರಡು ಫೋಟೊಗಳೇ ಸಾಕ್ಷಿಯಾಗುತ್ತವೆ. ಕರ್ನಾಟಕದಲ್ಲಿ ವಿದ್ಯುತ್ ಗುತ್ತಿಗೆದಾರರಿಗೆ ಲೈಸೆನ್ಸ್ ಉಂಟು, ಅದನ್ನು ಕೇಳಿ ನೋಡಬಹುದು; ಗಾರೆ ಕೆಲಸದವರ, ಟೈಲ್ಸ್ ಹಾಕುವವರ ಬಳಿ ಅಂಥದ್ದನ್ನು ಯಾರೂ ಕೇಳುವುದಿಲ್ಲ. ರೇರಾ ಕಾಯ್ದೆ ಇರುವುದು ಬಿಲ್ಡರುಗಳ ಯೋಜನೆಗಳಿಗೆ, ನಮ್ಮ ಹಳೆಯ ಮನೆಯ ಸೋರಿಕೆಗಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಆದರೆ ಕರಾರಾಗಲಿ ರಸೀದಿಯಾಗಲಿ ಇಲ್ಲದೆ ಅಲ್ಲಿ ಏನನ್ನು ತೋರಿಸುವುದು? ಹಂತ ಹಂತವಾಗಿ ಹಣ ಕೊಡುವ ಕರಾರನ್ನು ಬರೆದುಕೊಂಡರೆ ಮೇಸ್ತ್ರಿ ಬೇಸರಪಟ್ಟುಕೊಳ್ಳುತ್ತಾರೆಂಬ ಸಂಕೋಚವನ್ನು ನಾವು ಬಿಡಲೇಬೇಕು. ನಿಯತ್ತಿನ ಕೆಲಸಗಾರರಿಗೆ ಅದರಿಂದ ಕೂಲಿ ತಪ್ಪದೆ ಸಿಗುತ್ತದೆ.

ಫ್ರೀಮಾಂಟಿನ ಎರಡನೆಯ ಗುತ್ತಿಗೆದಾರರು ಷವರಿನ ತಳಕ್ಕೆ ನೀರು ಸೋರದ ಹಾಳೆ ಹಾಸಿದ ಮೇಲೆ, ನೀರು ಹೋಗುವ ಕಿಂಡಿ ಮುಚ್ಚಿ, ಅಂಚಿನವರೆಗೆ ನೀರು ತುಂಬಿಸಿ, ಮಟ್ಟಕ್ಕೆ ಸರಿಯಾಗಿ ಪೆನ್ಸಿಲಿನಲ್ಲಿ ಗೆರೆ ಎಳೆದರು. ನಗರಾಡಳಿತದ ಇನ್‌ಸ್ಪೆಕ್ಟರ್ ಬಂದು ಗೆರೆ ನೋಡಿ ಸಹಿ ಹಾಕಿದ ಮೇಲೆಯೇ ಟೈಲ್ಸ್ ಹಾಕಿದ್ದು. ಕಳೆದ ಬೇಸಿಗೆಯಲ್ಲಿ ಮೈಸೂರಿನ ಮನೆಯ ಮಹಡಿಯ ಬಚ್ಚಲು ದುರಸ್ತಿಯಾಗುವಾಗ ಅದನ್ನೇ ಮೇಸ್ತ್ರಿಯವರಿಗೆ ಹೇಳಹೊರಟೆ. ಅವರು ಅರ್ಧದಲ್ಲೇ ತಡೆದು, “ಗೊತ್ತು ಸಾರ್, ಎರಡು ದಿನ ನೀರು ನಿಲ್ಲಿಸಿ ತೋರಿಸ್ತೀನಿ, ಆಮೇಲೆ ದುಡ್ಡು ಕೊಡಿ” ಎಂದರು. ಮೂರನೆಯ ದಿನ ಅಮ್ಮ ಕೆಳಗಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಸೂರಿನ ಮೂಲೆ ಮೂಲೆಯನ್ನು ನೋಡಿ, ಎಲ್ಲೂ ತೇವವಿಲ್ಲವೆಂದು ಫೋನ್ ಮಾಡಿದರು. ಆ ಹಂತದ ಕಂತನ್ನು ಅಂದು ಸಂಜೆ ಕಳಿಸಿದೆ.